ಒಂದು ನಿಮಿಷ ನಲವತ್ತೆರಡು ಸೆಕೆಂಡ್

ಸಂದರ್ಶನ ಶುರುವಾಗುವ ಮೊದಲು ಕೋಣೆಯನ್ನು ರೆಕಾರ್ಡ್ ಮಾಡಿಕೊಳ್ಳಬೇಕು. ಎಲ್ಲರೂ ಮೈಕ್ ಸಿಕ್ಕಿಸಿಕೊಂಡು ಅರ್ಧ ನಿಮಿಷ ಸುಮ್ಮನೆ ಕೂರುತ್ತಾರೆ. ಎಸಿಯ ಗುಂಯ್ ಸದ್ದು, ಹೊರಗಿನ ರಸ್ತೆ, ಯಾರದೋ ಉಸಿರು, ಇಷ್ಟು ಯಂತ್ರದಲ್ಲಿ ದಾಖಲಾಗುತ್ತದೆ. ಆಮೇಲೆ ಎಡಿಟ್ ಮಾಡುವಾಗ ಒಂದು ಕೆಮ್ಮನ್ನೋ ಬಾಗಿಲ ಸದ್ದನ್ನೋ ತೆಗೆದರೆ, ಆ ಜಾಗಕ್ಕೆ ಈ ಖಾಲಿ ಸದ್ದಿನ ತೇಪೆ ಹಾಕುತ್ತೇವೆ.

ಆಗಸ್ಟ್ ತಿಂಗಳ ಒಂದು ಶನಿವಾರ ಡಾಲಸ್‌ನ ಗ್ರಂಥಾಲಯವೊಂದರ ಹಿಂದಿನ ಕೋಣೆಯಲ್ಲಿ ಹೀಗೆ ಕುಳಿತಿದ್ದೆವು. ಅರ್ಧ ನಿಮಿಷ ಮುಗಿದ ಮೇಲೂ ನನ್ನೆದುರಿಗಿದ್ದ ಹಿರಿಯ ಕವಯಿತ್ರಿ ಅಲುಗಾಡಲಿಲ್ಲ. ಅವರು ಕಿಟಕಿಯಾಚೆ ಪಾರ್ಕಿಂಗ್ ಜಾಗವನ್ನು ನೋಡುತ್ತಿದ್ದರು. ಕಾರುಗಳ ಮೇಲೆ ಬಿಸಿಲು ನೀರಿನ ಹಾಗೆ ನಡುಗುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದರೂ ಯಾರಿಗೂ ನಷ್ಟವಿರಲಿಲ್ಲ. ಆದರೆ ಗಂಟಲು ಸರಿಪಡಿಸಿಕೊಂಡು ಶುರು ಮಾಡೋಣವೇ ಎಂದವಳು ನಾನು.

ಲೇಖಕರ ಧ್ವನಿಗಳನ್ನು ಸಂಗ್ರಹಿಸಿಡುವ ಆಸ್ಟಿನ್‌ನ ಒಂದು ಸಣ್ಣ ಸಂಸ್ಥೆಗೆ ನಾನು ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದೆ. ಆ ವರ್ಷ ಅವರು ಉತ್ತರ ಧ್ರುವದ ಅಂಚಿನಿಂದ ಇಬ್ಬರು ಲೇಖಕರನ್ನು ಕರೆಸಿದ್ದರು. ಇಬ್ಬರೂ ದೊಡ್ಡ ಪ್ರಶಸ್ತಿಗಳನ್ನು ಪಡೆದವರು. ಕವಯಿತ್ರಿ ಸಮುದ್ರವೇ ಹೆಪ್ಪುಗಟ್ಟುವ ತೀರದವರು. ಜೊತೆಗೆ ಬಂದಿದ್ದ ಕಾದಂಬರಿಕಾರ ಒಳನಾಡಿನವರು. ಅವರ ಊರಲ್ಲಿ ಚಳಿಗಾಲ ಬಂದರೆ ನದಿಯೇ ಹೆದ್ದಾರಿ. ಡಾಲಸ್, ಹ್ಯೂಸ್ಟನ್, ಆಸ್ಟಿನ್, ಒಟ್ಟು ಹತ್ತು ದಿನ. ಅವರನ್ನು ಕಾರಿನಲ್ಲಿ ಕರೆದೊಯ್ಯುವುದು, ಸಂದರ್ಶಿಸುವುದು, ಎಡಿಟ್ ಮಾಡುವುದು, ನಿಮಿಷ ಸೆಕೆಂಡಿನ ಲೆಕ್ಕದಲ್ಲಿ ಲಾಗ್ ಶೀಟ್ ಬರೆಯುವುದು, ಎಲ್ಲ ನನ್ನ ಪಾಲು. ಕೆಲಸದ ಪರವಾನಗಿ ಕೈಗೆ ಬಂದು ಕೆಲವೇ ತಿಂಗಳಾಗಿತ್ತು. ಬೆಂಗಳೂರಿನ ಪತ್ರಿಕೆಯ ಡೆಸ್ಕಿನಲ್ಲಿ ಕಲಿತದ್ದೆಲ್ಲ ಡಾಲಸ್ ಬಳಿಯ ಲಿಟಲ್ ಎಲ್ಮ್‌ನ ಮನೆಯಲ್ಲಿ ವರ್ಷಗಟ್ಟಲೆ ತುಕ್ಕು ಹಿಡಿದು ಕೂತಿತ್ತು. ಚುರುಕಾಗಿ ಮಾಡಿ ತೋರಿಸಬೇಕೆಂಬ ಆತುರ ನನ್ನಲ್ಲಿತ್ತು. ಮುಂದಿನದಕ್ಕೆ ಅದೂ ಒಂದು ಕಾರಣ ಎಂದು ದಾಖಲಿಸುತ್ತೇನೆ.

ಕವಯಿತ್ರಿಯ ಎಲ್ಲ ಪುಸ್ತಕಗಳಲ್ಲಿ ಅವರ ಅಣ್ಣ ಬರುತ್ತಾನೆ. ಎಳೆಯ ವಯಸ್ಸಿನಲ್ಲೇ ಒಂದು ವಸಂತದ ಬೆಳಿಗ್ಗೆ ಅವನು ಮಂಜುಗಡ್ಡೆಯ ಮೇಲೆ ಬೇಟೆಗೆ ಹೋದ. ಅವನು ನಿಂತಿದ್ದ ಮಂಜಿನ ಹಾಳೆ ದಡದಿಂದ ಸೀಳಿ ತೇಲಿಹೋಯಿತು. ಅವನು ಸಿಗಲಿಲ್ಲ. ಕವಿತೆಗಳಲ್ಲಿ ಅವನು ಹಕ್ಕಿಯಾಗಿ, ಸೀಲ್ ಪ್ರಾಣಿಯ ಉಸಿರಾಗಿ ಬರುತ್ತಾನೆ. ಆ ದಿನ ಮಾತ್ರ ಎಲ್ಲಿಯೂ ಬರುವುದಿಲ್ಲ. ನಾನು ಆ ದಿನದ ಬಗ್ಗೆಯೇ ಕೇಳಿದೆ. ಅವರು ನಿಧಾನವಾಗಿ ಹೇಳಿದರು. ಅಂದು ಬೆಳಿಗ್ಗೆ ಮಂಜನ್ನು ಕೋಲಿನಿಂದ ತಟ್ಟಿ ನೋಡಿ, ತಡೆದುಕೊಳ್ಳುತ್ತದೆ ಹೋಗು ಎಂದವರು ಅವರ ತಂದೆ.

"ಅದಕ್ಕಾಗಿ ನಿಮ್ಮ ತಂದೆಯನ್ನು ಯಾವತ್ತಾದರೂ ದೂರಿದ್ದೀರಾ?" ಎಂದು ಕೇಳಿದೆ.

ಉತ್ತರ ಬರಲಿಲ್ಲ. ಧ್ವನಿಯ ಮಟ್ಟ ತೋರಿಸುವ ಹಸಿರು ಗೆರೆ ತಳದಲ್ಲಿ ಮಲಗಿತ್ತು. ಸುದ್ದಿಮನೆಯಲ್ಲಿ ಫೋನಿನ ಆ ಕಡೆ ಮೌನವೆಂದರೆ ಎರಡೇ ಅರ್ಥ: ಲೈನ್ ಹೋಗಿದೆ, ಇಲ್ಲವೇ ಅವರು ಹೇಳುವುದಿಲ್ಲ. ಕಾದದ್ದು ಸಾಕು ಎನ್ನಿಸುವಷ್ಟು ಕಾದೆ. ನೋಯಿಸಿದೆನೇನೋ ಎಂದು ಪ್ರಶ್ನೆ ಬದಲಿಸಿ, "ಈಗಲೂ ಆ ಊರಿಗೆ ಹೋಗುತ್ತೀರಾ?" ಎಂದೆ. ಅದಕ್ಕೂ ಮಾತಿಲ್ಲ. ಧ್ವನಿ ನೋಡಿಕೊಳ್ಳುತ್ತಿದ್ದವನು ಆಸ್ಟಿನ್ ಪಕ್ಕದ ರೌಂಡ್ ರಾಕ್‌ನ ಕಂಪ್ಯೂಟರ್ ಕಂಪನಿಯ ಎಂಜಿನಿಯರ್, ಮೈಸೂರಿನ ಹುಡುಗ; ವಾರಾಂತ್ಯದ ಹವ್ಯಾಸಕ್ಕೆ ಈ ಕೆಲಸ ಮಾಡುತ್ತಿದ್ದ. ಮೈಕ್ ಸತ್ತಿದೆ ಎಂದುಕೊಂಡು ಅವನು ಬಗ್ಗಿ ಬಂದು ಅವರ ಕೇಬಲ್ ಮುಟ್ಟಿ ಮುಟ್ಟಿ ನೋಡಿದ. ಅವನು ತನ್ನ ಜಾಗಕ್ಕೆ ಮರಳಿ ಕೂತ ಮೇಲೆ ಕವಯಿತ್ರಿ ಕಿಟಕಿಯಿಂದ ಕಣ್ಣು ತೆಗೆದು, "ಇಲ್ಲ. ಎಂದೂ ಇಲ್ಲ" ಎಂದರು.

ಮನೆಗೆ ಬಂದು ಸಂಜೆಯೇ ಎಡಿಟ್‌ಗೆ ಕುಳಿತೆ. ಅರ್ಧ ಸೆಕೆಂಡಿಗಿಂತ ಉದ್ದದ ಖಾಲಿ ಜಾಗಗಳನ್ನೆಲ್ಲ ತಾನೇ ಹುಡುಕಿ ಕತ್ತರಿಸುವ ಸೌಲಭ್ಯ ಆ ಸಾಫ್ಟ್‌ವೇರ್‌ನಲ್ಲಿದೆ. ಒಂದು ಗುಂಡಿ ಒತ್ತಿದರೆ ಸಾಕು. ಅಂದೇ ಮುಗಿಸಿದ್ದ ಕಾದಂಬರಿಕಾರರ ಸಂದರ್ಶನ ಹೆಚ್ಚೇನೂ ಕುಗ್ಗಲಿಲ್ಲ. ಕವಯಿತ್ರಿಯದು ಎಪ್ಪತ್ತು ನಿಮಿಷದಿಂದ ನಲವತ್ತೊಂದಕ್ಕೆ ಇಳಿಯಿತು. ವ್ಯರ್ಥವೆಲ್ಲ ಹೋಯಿತು ಎಂದು ಖುಷಿಪಟ್ಟೆ. ತಂದೆಯ ಕುರಿತ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲವೆಂದು ಅದನ್ನೂ ತೆಗೆದೆ. ಉಳಿದದ್ದು ಇಷ್ಟು: "ಈಗಲೂ ಆ ಊರಿಗೆ ಹೋಗುತ್ತೀರಾ?" "ಇಲ್ಲ. ಎಂದೂ ಇಲ್ಲ."

ಶೀರ್ಷಿಕೆಗೆ ಹೇಳಿ ಮಾಡಿಸಿದ ಮಾತು. ಇಂಥ ಮಾತನ್ನು ಎರಡನೇ ಸಲ ಕೇಳಿ ಖಚಿತಪಡಿಸಿಕೊಳ್ಳಬೇಕೆಂದು ಡೆಸ್ಕಿನಲ್ಲಿ ಹೊಸಬರಿಗೆ ಹೇಳಿಕೊಡುತ್ತಿದ್ದವಳು ನಾನು. ಚೆನ್ನಾಗಿದೆ ಅನ್ನಿಸಿದ ಕಾರಣಕ್ಕೇ ಕೇಳಲಿಲ್ಲ.

ಪ್ರಕಟಿಸುವ ಮೊದಲು ಲೇಖಕರಿಗೆ ಕೇಳಿಸಬೇಕೆಂಬ ನಿಯಮವಿತ್ತು. ಭಾನುವಾರ ಹೋಟೆಲಿನ ಲಾಬಿಯಲ್ಲಿ ಆ ಮಾತನ್ನಿಟ್ಟು ಮಾಡಿದ ಮೂರು ನಿಮಿಷದ ತುಣುಕನ್ನು ಕವಯಿತ್ರಿಗೆ ಕೇಳಿಸಿದೆ. ಅವರು ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು, ಏನೂ ಹೇಳಲಿಲ್ಲ. ಯಾರಾದರೂ ಸುಮ್ಮನಿದ್ದರೆ ಒಪ್ಪಿದ್ದಾರೆ ಎಂದೇ ತಿಳಿದು ಬೆಳೆದವಳು ನಾನು. ಹಾಗಾದರೆ ಕಳಿಸುತ್ತೇನೆ ಎಂದು ಲ್ಯಾಪ್‌ಟಾಪ್ ಮುಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಹ್ಯೂಸ್ಟನ್ ಕಾರ್ಯಕ್ರಮದ ಪ್ರಚಾರಕ್ಕೆಂದು ಸಂಸ್ಥೆಯ ವೆಬ್‌ಸೈಟಿನಲ್ಲಿ ಅದು ಇತ್ತು. ಮುಂದಿನ ರೆಕಾರ್ಡಿಂಗ್‌ಗೆ ಜಾಗ ಬೇಕಲ್ಲ, ಮೆಮೊರಿ ಕಾರ್ಡ್ ಖಾಲಿ ಮಾಡಿದೆ. ಎಡಿಟ್ ಮಾಡಿದ ಪ್ರತಿಯನ್ನು ಮೂಲದ ಮೇಲೆಯೇ ಉಳಿಸಿದ್ದೆ. ಲೇಖಕರ ಸಹಿ ಬೀಳುವ ತನಕ ಮೂಲವನ್ನು ಅಳಿಸಬಾರದೆಂದು ಸಂಸ್ಥೆಯ ಕೈಪಿಡಿಯ ಮೊದಲ ಪುಟದಲ್ಲೇ ಇತ್ತು.

ಮಂಗಳವಾರ ಹ್ಯೂಸ್ಟನ್‌ಗೆ ಹೊರಟೆವು. ಮುಂದಿನ ಸೀಟಿನಲ್ಲಿ ಕಾದಂಬರಿಕಾರ, ಹಿಂದೆ ಕವಯಿತ್ರಿ. ಹೆದ್ದಾರಿಯ ಮುಂದೆ ಮುಂದೆ ಬಿಸಿಲಿನ ಕೊಳಗಳು ಹೊಳೆಯುತ್ತಿದ್ದವು. ಹತ್ತಿರ ಹೋದಂತೆ ಒಣಗುತ್ತಿದ್ದವು. ಕಾರ್ಸಿಕಾನಾ ಬಳಿ, ಏನು ನೋಡುತ್ತಿದ್ದೀರಿ ಎಂದು ಕವಯಿತ್ರಿಯನ್ನು ಕೇಳಿದೆ. ಕಾದಂಬರಿಕಾರ ಗ್ಯಾಸ್ ಸ್ಟೇಷನ್ನಿನ ಕಾಫಿಯನ್ನು ಬೈಯುತ್ತಿದ್ದರು. ಅದು ಮುಗಿದು, ರೇಡಿಯೊದ ಹಾಡು ಮುಗಿದು, ಅರ್ಧ ಗಂಟೆ ದೂರದ ಫೇರ್‌ಫೀಲ್ಡ್ ಬೋರ್ಡ್ ಹಿಂದೆ ಸರಿದ ಮೇಲೆ ಹಿಂದಿನ ಸೀಟಿನಿಂದ ಧ್ವನಿ ಬಂತು.

"ಇಲ್ಲಿ ಆಕಾಶ ಇಳಿದು ನೀರಾಗುತ್ತದೆ. ನಮ್ಮಲ್ಲಿ ನೆಲ ಮೇಲೆದ್ದು ಗಾಳಿಯಲ್ಲಿ ನಿಲ್ಲುತ್ತದೆ. ವಸಂತದಲ್ಲಿ ನೋಡಬೇಕು. ದಿಗಂತದ ಕೆಳಗಿರುವ ದ್ವೀಪಗಳೂ ಬಂದು ನಿಲ್ಲುತ್ತವೆ."

ನಾನು ಅದನ್ನು ಬಿಡಿಯಾದ ಒಂದು ಸುಂದರ ಮಾತೆಂದು ನೆನಪಿಟ್ಟುಕೊಂಡೆ. ಅದು ನನ್ನ ಪ್ರಶ್ನೆಯ ಉತ್ತರ ಎಂದು ಹೊಳೆಯಲಿಲ್ಲ.

ಬುಧವಾರ ಮಧ್ಯಾಹ್ನದ ಊಟ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ. ಅಲ್ಲಿ ದಿನಸಿ ಅಂಗಡಿ ಇಟ್ಟಿರುವ ಧಾರವಾಡದ ಆಂಟಿ ನನಗೆ ಪರಿಚಯ. ಅಂಗಡಿಯ ಹಿಂದಿನ ಕೋಣೆಯಲ್ಲಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಹರವಿ ಕೂತಿದ್ದರು. ಊಟದ ನಡುವೆ ಕವಯಿತ್ರಿಗೆ ಫೋನ್ ಬಂತು. ಅವರು ಕೇಳಿಸಿಕೊಂಡರು, ಒಂದೆರಡು ಮಾತಾಡಿ ಇಟ್ಟರು. ರೊಟ್ಟಿ ಹಾಗೇ ಉಳಿಯಿತು. ಆಂಟಿ ಒಂದು ಗಳಿಗೆ ಅವರ ಮುಖ ನೋಡಿ, ತಟ್ಟೆ ಸರಿಸಿ, ಮೆಂತ್ಯ ಸೊಪ್ಪಿನ ದೊಡ್ಡ ಬುಟ್ಟಿಯನ್ನು ತಂದು ನಡುವೆ ಇಟ್ಟರು. ಇಬ್ಬರೂ ಸೊಪ್ಪು ಬಿಡಿಸತೊಡಗಿದರು.

ಕಾದಂಬರಿಕಾರ ನನ್ನನ್ನು ಹೊರಗೆ ಕರೆದರು. ಅಂಗಡಿಯ ಮುಂದಿನ ನೆರಳಿನಲ್ಲಿ ನಿಂತು ಹೇಳಿದ್ದು ಇದು. ಫೋನ್ ಮಾಡಿದ್ದು ಕವಯಿತ್ರಿಯ ಸೋದರ ಸೊಸೆ. ವೆಬ್‌ಸೈಟಿನ ತುಣುಕನ್ನು ಊರಿನವರು ಶಾಲೆಯ ಕಂಪ್ಯೂಟರಿನಲ್ಲಿ ಕೇಳಿದ್ದಾರೆ. ತಂದೆಯೂ ಕೇಳಿದ್ದಾರೆ, ಎರಡು ಸಲ. ಪ್ರತಿ ವರ್ಷ ಸಮುದ್ರ ಹೆಪ್ಪುಗಟ್ಟುವ ಮೊದಲು ಮಗಳು ಊರಿಗೆ ಹೋಗುವುದು ವಾಡಿಕೆ. ಬೇಸಿಗೆ ಕಳೆಯುವಾಗಲೇ ತಂದೆ ಅವರ ಹಾಸಿಗೆಯನ್ನು ಬಿಚ್ಚಿ ಒಲೆಯ ಪಕ್ಕ ಹಾಕಿಡುತ್ತಾರೆ. ಮೊನ್ನೆ ಶಾಲೆಯಿಂದ ಮನೆಗೆ ಬಂದವರೇ ಅದನ್ನು ಸುತ್ತಿ ಕಟ್ಟಿಟ್ಟಿದ್ದಾರೆ.

ಅವರೇ ಹೇಳಿದ ಮಾತು, ದಾಖಲೆಯಲ್ಲಿದೆ ಎಂದು ನಾನು ವಾದಿಸಿದೆ.

"ನೀವು ಎರಡು ಪ್ರಶ್ನೆ ಕೇಳಿದಿರಿ. ಅವರು ಮೊದಲನೆಯದಕ್ಕೆ ಉತ್ತರ ಕೊಟ್ಟರು" ಎಂದರು ಕಾದಂಬರಿಕಾರ. "ನಮ್ಮಲ್ಲಿ ಪ್ರಶ್ನೆಯನ್ನು ಒಳಗೆ ಕರೆದು ಕೂರಿಸಿ ಆಮೇಲೆ ಉತ್ತರ ಕೊಡುತ್ತಾರೆ. ನಡುವೆ ಇನ್ನೊಂದು ಕೇಳಿದರೆ ಅದು ಬಾಗಿಲಲ್ಲಿ ಕಾಯಬೇಕು. ನಾನು ದಕ್ಷಿಣದ ಕಾಲೇಜುಗಳಲ್ಲಿ ಓದಿ ಕೆಟ್ಟವನು, ತಟ್ಟನೆ ಮಾತಾಡುತ್ತೇನೆ. ಅದಕ್ಕೇ ನನ್ನ ಸಂದರ್ಶನ ನಿಮಗೆ ಅಷ್ಟು ಇಷ್ಟವಾದದ್ದು."

"ಲಾಬಿಯಲ್ಲಿ ಕೇಳಿಸಿದೆನಲ್ಲ. ಆಗ ಯಾಕೆ ಹೇಳಲಿಲ್ಲ?"

"ಹೇಳುವವರಿದ್ದರು. ನೀವು ಲ್ಯಾಪ್‌ಟಾಪ್ ಮುಚ್ಚಿದಿರಂತೆ."

ಹಾಗಾದರೆ ಅಂದು ಆ ಕೋಣೆಯಲ್ಲಿ ಅವರು ಹೇಳಿದ್ದು, ತಂದೆಯನ್ನು ಎಂದೂ ದೂರಲಿಲ್ಲ ಎಂದು. ಅಣ್ಣ ಹೋದಂದಿನಿಂದ ಅಪ್ಪ ಮಗಳು ಈ ಮಾತನ್ನು ಎತ್ತಿಲ್ಲ ಎಂದೂ ಕಾದಂಬರಿಕಾರ ಹೇಳಿದರು. ಮಗಳು ದೂರುತ್ತಾಳೆ ಎಂದೇ ಆ ಮುದುಕ ಬದುಕಿರಬಹುದು. ಒಂದೇ ಒಂದು ಸಲ ಬಂದ ಉತ್ತರವನ್ನು ನಾನು ತೆಗೆದು ಬೇರೆ ಪ್ರಶ್ನೆಗೆ ಅಂಟಿಸಿದ್ದೆ.

ಒಳಗೆ ಹೋದಾಗ ಬುಟ್ಟಿ ಅರ್ಧ ಖಾಲಿಯಾಗಿತ್ತು. ಆಂಟಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಇಬ್ಬರೂ ತುಟಿ ಬಿಚ್ಚಿದ ಲಕ್ಷಣ ಇರಲಿಲ್ಲ. ಫ್ಯಾನ್ ತಿರುಗುತ್ತಿತ್ತು, ಎಲೆಗಳು ಒಂದು ಕಡೆ, ಕಡ್ಡಿಗಳು ಒಂದು ಕಡೆ ಬೀಳುತ್ತಿದ್ದವು. ಹೊರಡುವಾಗ ಆಂಟಿ ನನ್ನ ಕೈಗೆ ರೊಟ್ಟಿಯ ಕಟ್ಟು ಕೊಟ್ಟು, "ಭಾಳ ಛಲೋ ಮಾತಾಡತಾರ ನೋಡವಾ ಅವರು. ನಿನಗ ಮಾತ್ರ ಕೂತು ಕೇಳೂ ತಾಳ್ಮಿ ಇಲ್ಲ" ಎಂದರು. ತಮಾಷೆಗೆ ಹೇಳಿದರೋ ಏನೋ, ಅವರ ಮುಖದಲ್ಲಿ ನಗು ಇರಲಿಲ್ಲ.

ಆಸ್ಟಿನ್‌ನಲ್ಲಿದ್ದ ಸಂಸ್ಥೆಯ ಮುಖ್ಯಸ್ಥೆಗೆ ಕಾರಿನಿಂದಲೇ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಅವರು ಗಾಬರಿಯಾಗಲಿಲ್ಲ. ತುಣುಕನ್ನು ಈಗಲೇ ತೆಗೆಯುತ್ತೇನೆ, ಶುಕ್ರವಾರ ಸಂಜೆ ಐದರೊಳಗೆ ಆ ಭಾಗವೇ ಇಲ್ಲದ ಇನ್ನೊಂದನ್ನು ಕಳಿಸು, ಶನಿವಾರದ ಕಾರ್ಯಕ್ರಮಕ್ಕೆ ಅದೇ ಹೋಗಲಿ, ತಿದ್ದುಪಡಿ ಅದು ಇದು ಬೇಡ ಎಂದರು. ನಿಜಕ್ಕೂ ಸುಲಭದ ದಾರಿ. ಆದರೆ ತುಣುಕನ್ನು ತೆಗೆದರೆ ಕಟ್ಟಿಟ್ಟ ಹಾಸಿಗೆ ಬಿಚ್ಚಿಕೊಳ್ಳುವುದಿಲ್ಲ. ಆ ಮುದುಕನಿಗೆ ಪ್ರಶ್ನೆಯೂ ಉತ್ತರವೂ ಜೊತೆಯಾಗಿ ಕೇಳಬೇಕಿತ್ತು. ಅದಕ್ಕೆ ಬೇಕಾದ ಮೂಲವನ್ನು ನಾನೇ ಅಳಿಸಿದ್ದೆ.

ಗುರುವಾರ ಹ್ಯೂಸ್ಟನ್ ಕಾರ್ಯಕ್ರಮ ಮುಗಿದ ಮೇಲೆ ರೌಂಡ್ ರಾಕ್‌ನ ಎಂಜಿನಿಯರ್ ಹುಡುಗನಿಗೆ ಫೋನ್ ಮಾಡಿದೆ. ಡಾಲಸ್‌ನಲ್ಲಿ ಅವನು ಮೇಜಿನ ಕೆಳಗೆ ಸಣ್ಣದೊಂದು ರೆಕಾರ್ಡರ್ ಇಟ್ಟದ್ದು ಮಸುಕಾಗಿ ನೆನಪಿತ್ತು.

"ಸೇಫ್ಟಿಗೆ ಅಂತ ಯಾವಾಗ್ಲೂ ಒಂದು ಇಡ್ತೀನಕ್ಕಾ" ಎಂದ. "ಆದ್ರೆ ಅದು ಹೇಗಿದ್ಯೋ ಗೊತ್ತಿಲ್ಲ. ಪೂರ್ತಿ ಎಸಿ ಸದ್ದೇ ಇರುತ್ತೆ."

ಶುಕ್ರವಾರ ಬೆಳಿಗ್ಗೆ ಲೇಖಕರನ್ನು ಆಸ್ಟಿನ್‌ನ ಹೋಟೆಲಿಗೆ ಬಿಟ್ಟು ಅವನ ಮನೆಗೆ ಹೋದೆ. ರಜೆ ಹಾಕಿ ಕಾದಿದ್ದ. ಗ್ಯಾರೇಜಿನ ಒಂದು ಮೂಲೆಯೇ ಸ್ಟುಡಿಯೋ. ಫೈಲ್ ಇತ್ತು. ಕವಯಿತ್ರಿಯ ಧ್ವನಿ ನೀರಿನಡಿಯಿಂದ ಬಂದಂತಿತ್ತು. ಪ್ರಶ್ನೆಯ ಜಾಗ ಹುಡುಕಿ, ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದೆ.

ತಂದೆಯನ್ನು ದೂರಿದ್ದೀರಾ ಎಂಬ ನನ್ನ ಧ್ವನಿ. ಆಮೇಲೆ ಕೋಣೆ. ಎಸಿಯ ಸದ್ದು ಮೊದಲು ಸದ್ದಾಗಿತ್ತು. ಸ್ವಲ್ಪ ಹೊತ್ತಿಗೆ ಗಾಳಿಯಾಯಿತು. ಹೊರಗೆ ಲಾರಿಯೊಂದು ಹಿಂದಕ್ಕೆ ಸರಿಯಿತು. ಕುರ್ಚಿಯ ತೋಳನ್ನು ಉಗುರೊಂದು ತಟ್ಟಿತು, ನಿಂತಿತು, ಮತ್ತೆ ತಟ್ಟಿತು, ಯಾರೋ ಮುಂದಿನ ಹೆಜ್ಜೆಗೆ ಮೊದಲು ಮಂಜನ್ನು ಕೋಲಿನಿಂದ ತಟ್ಟಿ ನೋಡುವಂತೆ. ಆಗ ನನ್ನ ಎರಡನೇ ಪ್ರಶ್ನೆ ಬಂತು, ಚಪ್ಪಲಿ ಹಾಕಿಕೊಂಡು ಪೂಜೆಯ ಕೋಣೆಗೆ ನುಗ್ಗಿದವರ ಹಾಗೆ. ಉಗುರು ನಿಲ್ಲಲಿಲ್ಲ. ಕೇಬಲ್ಲಿನ ಸರಬರ, ಹುಡುಗನ ಬೂಟು, ಒಂದು ಉದ್ದನೆಯ ಉಸಿರು. "ಇಲ್ಲ. ಎಂದೂ ಇಲ್ಲ."

ಪರದೆಯ ಮೇಲೆ ಅಳೆದೆ. ಮೊದಲ ಪ್ರಶ್ನೆಯಿಂದ ಉತ್ತರಕ್ಕೆ ಒಂದು ನಿಮಿಷ ನಲವತ್ತೆರಡು ಸೆಕೆಂಡ್. ನಾನು ಕಾದೆ ಎಂದುಕೊಂಡಿದ್ದೆನಲ್ಲ, ಅದು ಹನ್ನೊಂದು ಸೆಕೆಂಡ್.

"ನಾಯ್ಸ್ ಕ್ಲೀನ್ ಮಾಡಿ ಕೊಡ್ಲಾ?" ಎಂದು ಅವನು ಕೇಳಿದ. ಬೇಡ ಎಂದೆ. "ಪೂರ್ತಿ ಹಿಂಗೇ ಹಾಲಲ್ಲಿ ಪ್ಲೇ ಮಾಡಿದ್ರೆ ಸ್ಪೀಕರ್ ಹೋಯ್ತು ಅಂದ್ಕೊಂಡು ಜನ ನನ್ನ ಮುಖ ನೋಡ್ತಾರಕ್ಕಾ." ನೋಡಲಿ ಎಂದೆ.

ಹೋಟೆಲಿಗೆ ಬಂದಾಗ ಮೂರು ಗಂಟೆ. ಕವಯಿತ್ರಿ ನದಿಯ ಪಕ್ಕದ ಬೆಂಚಿನಲ್ಲಿದ್ದರು. ಮರದ ದಿಮ್ಮಿಯ ಮೇಲೆ ಆಮೆಗಳು ಸಾಲಾಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಫೈಲ್ ಪೂರ್ತಿ ಕೇಳಿಸಿದೆ. ನನ್ನ ತಪ್ಪೇನೆಂದು ಹೇಳಿದೆ. ಇದನ್ನು ಒಂದು ಸೆಕೆಂಡೂ ಕತ್ತರಿಸದೆ, ನನ್ನ ಹೆಸರಿನ ತಿದ್ದುಪಡಿಯೊಂದಿಗೆ ಪ್ರಕಟಿಸಿ ನಿಮ್ಮ ಊರಿಗೂ ಕಳಿಸಲೇ ಎಂದು ಕೇಳಿದೆ. ಅಷ್ಟು ಕೇಳಿ ಬಾಯಿ ಮುಚ್ಚಿದೆ.

ನಾಲ್ಕಾಯಿತು. ಎರಡು ಆಮೆಗಳು ನೀರಿಗೆ ಜಾರಿದವು. ನಾಲ್ಕೂವರೆಗೆ ಫೋನ್ ನಡುಗಿತು, ಮುಖ್ಯಸ್ಥೆ. ಐದಕ್ಕೆ ಇನ್ನೊಮ್ಮೆ. ಅವರು ಕೇಳಿದ್ದ, ಆ ಭಾಗವಿಲ್ಲದ ಪ್ರತಿ ಲ್ಯಾಪ್‌ಟಾಪಿನಲ್ಲಿ ಸಿದ್ಧವಿತ್ತು, ಕಳಿಸಲು ಒಂದು ಬೆರಳು ಸಾಕಿತ್ತು. ಗಡುವು ತಪ್ಪಿಸಿದ್ದು ನನ್ನ ಕೆಲಸದ ಬದುಕಿನಲ್ಲಿ ಅದೇ ಮೊದಲು. ಫೋನನ್ನು ಬ್ಯಾಗಿಗೆ ಹಾಕಿದೆ. ಕವಯಿತ್ರಿ ಎದ್ದು ಊಟಕ್ಕೆ ಹೋದರು, ನಾನೂ ಹೋದೆ. ಉಪ್ಪಿನ ಡಬ್ಬಿ ಕೇಳಿದರು. ಆಂಟಿಯ ಅಂಗಡಿಯಲ್ಲಿ ಎಂಥ ಒಳ್ಳೆಯ ವಾಸನೆ ಎಂದರು. ಆ ವಿಷಯ ಎತ್ತಲಿಲ್ಲ. ಮುಖ್ಯಸ್ಥೆಗೆ, ಲೇಖಕರ ಉತ್ತರ ಇನ್ನೂ ಬರುತ್ತಿದೆ ಎಂದಷ್ಟೇ ಸಂದೇಶ ಕಳಿಸಿದೆ.

ಶನಿವಾರ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಅವರು ಕಿತ್ತಳೆ ಸುಲಿಯುತ್ತಿದ್ದರು. ಒಂದು ತೊಳೆಯನ್ನು ನನ್ನ ಕಡೆ ಚಾಚಿ, "ಕಳಿಸಿ" ಎಂದರು.

ತಿದ್ದುಪಡಿ ನಾಲ್ಕು ಸಾಲು ಬರೆದೆ. ಉತ್ತರ ಯಾವ ಪ್ರಶ್ನೆಯದು, ತಪ್ಪು ಹೇಗಾಯಿತು, ಯಾರಿಂದ ಆಯಿತು. ಮುಖ್ಯಸ್ಥೆ ಫೈಲನ್ನು ತಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೇಳಿದರು. ಹೊರಗೆ ಬಂದು, ಮುಂದಿನ ಸಲ ಗಡುವು ತಪ್ಪಿಸುವ ಮೊದಲು ತಿಳಿಸು ಎಂದರು, ಫೈಲನ್ನು ಸಂಜೆಯ ಕಾರ್ಯಕ್ರಮಕ್ಕೆ ಸೇರಿಸಿದರು.

ಸಂಜೆ ಸಭಾಂಗಣದಲ್ಲಿ ಹೆಚ್ಚುಕಡಿಮೆ ನೂರು ಜನರಿದ್ದರು. ಮೊದಲು ತಿದ್ದುಪಡಿ ಓದಿದೆ. ಆಮೇಲೆ ಧ್ವನಿ. ಅರ್ಧ ನಿಮಿಷಕ್ಕೆ ಜನ ಮಿಸುಕಿದರು. ಯಾರೋ ಕೆಮ್ಮಿದರು. ಹುಡುಗ ಹೇಳಿದಂತೆ ಕೆಲವರು ತಿರುಗಿ ಅವನ ಮುಖ ನೋಡಿದರು. ಅವನು ಕೈಕಟ್ಟಿ ನಿಂತಿದ್ದ. ಒಂದು ನಿಮಿಷದ ಹೊತ್ತಿಗೆ ಏನೋ ಬದಲಾಯಿತು. ಹೊರಗಿನ ಬಿಸಿ ಗೋಡೆಗಳಾಚೆ ಎಲ್ಲೋ ಉಳಿದು, ಇಡೀ ಸಭಾಂಗಣ ಒಂದೇ ಮಂಜಿನ ಹಾಳೆಯಾಗಿ ದಡದಿಂದ ಮೆಲ್ಲಗೆ ಬಿಡಿಸಿಕೊಂಡಂತೆ ಅನ್ನಿಸಿತು. ಉತ್ತರ ಬಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕವಯಿತ್ರಿ ತಮ್ಮ ಕುರ್ಚಿಯ ತೋಳನ್ನು ಉಗುರಿನಿಂದ ಒಮ್ಮೆ ತಟ್ಟಿದರು.

ಊರಿಗೆ ಫೈಲ್ ಹೋಗಿತ್ತು. ತಂದೆ ಕೇಳಿದರೆಂದು ಆ ಸೋದರ ಸೊಸೆಯ ಸಂದೇಶ ಬಂತು. ಏನೂ ಹೇಳಲಿಲ್ಲವಂತೆ, ಹಾಸಿಗೆಯೂ ಹಾಗೇ ಕಟ್ಟಿಟ್ಟಿತ್ತಂತೆ. ಸೋಮವಾರ ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವಾಗ ನಾನು ಮುಖ ಸಣ್ಣದು ಮಾಡಿಕೊಂಡದ್ದನ್ನು ಕಂಡು ಕವಯಿತ್ರಿ, "ಅವರು ನನಗಿಂತ ನಿಧಾನ" ಎಂದರು.

ಅಕ್ಟೋಬರಿನಲ್ಲಿ, ಲಿಟಲ್ ಎಲ್ಮ್‌ನ ಕೆರೆಯ ಮೇಲೆ ಮೊದಲ ತಣ್ಣನೆ ಗಾಳಿ ಬೀಸಿದ ವಾರ, ಅವರಿಂದ ಒಂದು ಧ್ವನಿ ಫೈಲ್ ಬಂತು. ಮೂರು ನಿಮಿಷ ಹತ್ತು ಸೆಕೆಂಡಿನದು. ಊರು ತಲುಪಿದ ದಿನ ಬಾಗಿಲು ತೆಗೆದು ಒಳಗೆ ಕಾಲಿಡುವಾಗ ರೆಕಾರ್ಡ್ ಮಾಡಿದ್ದಂತೆ. ಹೆಡ್‌ಫೋನ್ ಹಾಕಿ ಕುಳಿತೆ. ಬಾಗಿಲ ಕಿರ್ರೆನ್ನುವ ಸದ್ದು. ಗಾಳಿ. ಒಲೆಯ ಮೇಲೆ ಕೆಟಲ್ ಶಿಳ್ಳೆ ಹಾಕುವುದಕ್ಕೆ ಸಿದ್ಧವಾಗುತ್ತಿತ್ತು. ಅವರು ತಮ್ಮ ಭಾಷೆಯಲ್ಲಿ ಒಂದು ಮಾತಾಡಿದರು. ಆಮೇಲೆ ಬರೀ ಗಾಳಿ, ಕೆಟಲ್, ಇಬ್ಬರ ಉಸಿರು. ಹೆಜ್ಜೆ ಎಳೆಯುವ ಸದ್ದು. ಹಗ್ಗದ ಗಂಟು ಬಿಚ್ಚಿದಂಥ ಸದ್ದು, ನೆಲದ ಮೇಲೆ ಏನೋ ಮೆತ್ತನೆಯದು ಉರುಳಿ ಹರಡಿಕೊಂಡಿತು. ಕೊನೆಗೆ ಮುದಿ ಧ್ವನಿಯ ಒಂದು ವಾಕ್ಯ, ಮಗಳ ನಗು.

ಜೊತೆಗೆ ಎರಡು ಸಾಲಿನ ಟಿಪ್ಪಣಿ ಇತ್ತು. "ನಮ್ಮ ತಂದೆ ಹೇಳಿದ್ದು: ಬಾಗಿಲು ಹಾಕು, ಚಳಿ ಒಳಗೆ ಬರುತ್ತಿದೆ. ಇದನ್ನೂ ಸಂಗ್ರಹಕ್ಕೆ ಸೇರಿಸಿ."

ಲಾಗ್ ಶೀಟ್ ತೆಗೆದೆ. ಆ ಮೊದಲ ಫೈಲಿನ ಎದುರು ಮೌನದ ಕಾಲಂನಲ್ಲಿ ನಾನು ಹಿಂದೆ ಬರೆದದ್ದು 'ತೆಗೆಯಬೇಕು' ಎಂದು. ಈಗಿನದರ ಎದುರು ಮೌನದ ಅವಧಿಯನ್ನು ನಮೂದಿಸಿ, ಮೂಲ ಪ್ರತಿಯನ್ನು ಎರಡು ಕಡೆ ಉಳಿಸಿ, ಮತ್ತೆ ಮೊದಲಿನಿಂದ ಕೇಳತೊಡಗಿದೆ.